ಚಿತ್ರದಿಂದ ಚಿಪ್‌ಗೆ: ಮಾಡೆಲ್ ಆಧಾರಿತ ವಿನ್ಯಾಸ ನಡೆದುಬಂದ ದಾರಿ

ಎಂಬತ್ತರ ದಶಕದಲ್ಲಿ ಎಂಜಿನ್, ಮೋಟರುಗಳ ಕಂಟ್ರೋಲ್ ಸಾಫ್ಟ್‌ವೇರ್ ಬಹುಮಟ್ಟಿಗೆ ಎರಡು ಕೈ ದಾಟಿ ಬರುತ್ತಿತ್ತು. ಕಂಟ್ರೋಲ್ ಎಂಜಿನಿಯರ್ ಸಮೀಕರಣಗಳನ್ನೂ ಬ್ಲಾಕ್ ಚಿತ್ರಗಳನ್ನೂ ಕಾಗದದ ಮೇಲೆ ಕೊಡುತ್ತಿದ್ದರು. ಪ್ರೋಗ್ರಾಮರ್ ಅದನ್ನೋದಿ ಅಸೆಂಬ್ಲಿಯಲ್ಲೋ ಸಿ ಭಾಷೆಯಲ್ಲೋ ಬರೆಯುತ್ತಿದ್ದರು. ಇಬ್ಬರ ಅರ್ಥ ಬೇರೆಬೇರೆಯಾಗಿದ್ದರೆ ಅದು ಎಷ್ಟೋ ಸಲ ಬಯಲಾಗುತ್ತಿದ್ದುದು ಯಂತ್ರ ಓಡಿಸಿದ ಮೇಲೆಯೇ.

1987ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ ಅವರ ಸ್ಟೇಟ್‌ಚಾರ್ಟ್ (ಯಂತ್ರ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗುತ್ತದೆಂದು ತೋರಿಸುವ ಚಿತ್ರ) ಬಂತು. 1990ರ ದಶಕದ ಆರಂಭದಲ್ಲಿ ಬ್ಲಾಕ್ ಚಿತ್ರ ಬರೆದು ಓಡಿಸುವ ಸಾಫ್ಟ್‌ವೇರ್ ಸಿಮುಲಿಂಕ್ ಬಂತು. ಬರೆದ ಚಿತ್ರವೇ ಈಗ ಕಂಪ್ಯೂಟರಿನಲ್ಲಿ ಓಡತೊಡಗಿತು; ಹೀಗೆ ಓಡುವ ಚಿತ್ರವೇ ಮಾಡೆಲ್. ಮುಂದೆ ಅದರಿಂದಲೇ ಸಿ ಕೋಡ್ ಹುಟ್ಟಿಸುವ ಉಪಕರಣಗಳೂ ಸೇರಿಕೊಂಡವು.

ಹೀಗೆ ಮೊದಲೇ ಓಡಿಸಿ ನೋಡುವುದರ ಅಗತ್ಯವನ್ನು 1996ರ ಜೂನ್ 4ರಷ್ಟು ಕಟುವಾಗಿ ತೋರಿಸಿದ ದಿನ ಕಡಿಮೆ. ಯುರೋಪಿನ ಏರಿಯಾನ್ 4 ರಾಕೆಟ್ಟಿನಿಂದ ತಂದ ಕೋಡ್, ಹೊಸ ಏರಿಯಾನ್ 5ರಲ್ಲಿ 64 ಬಿಟ್ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ತುರುಕಲು ಹೋಗಿ ನಿಂತಿತು. ಹಾರಿದ ಸುಮಾರು 40 ಸೆಕೆಂಡಿಗೆ ರಾಕೆಟ್ ಛಿದ್ರವಾಯಿತು. ಹೊಸ ರಾಕೆಟ್ಟಿನ ಪಥವನ್ನೇ ಕೊಟ್ಟು ಆ ಕೋಡ್ ಇದ್ದ ಘಟಕವನ್ನು ಪರೀಕ್ಷಿಸಿರಲಿಲ್ಲ.

ಮಾಡೆಲ್ ಇದ್ದರೂ ಇಂಥ ಅಪಾಯ ತಾನಾಗಿ ತಪ್ಪುವುದಿಲ್ಲ. ಮೋಟರಿನ ವೇಗ ಕಾಯುವ ಕಂಟ್ರೋಲರಿನಲ್ಲಿ ಇಂಟಿಗ್ರಲ್ ಗೇನ್ (ಕೂಡುತ್ತಾ ಬಂದ ಎರರ್‌ಗೆ ಕೊಡುವ ತೂಕ) 0.2, ಲೂಪ್ (ಲೆಕ್ಕದ ಸುತ್ತು) 1 ಮಿಲಿಸೆಕೆಂಡಿಗೊಮ್ಮೆ ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲೂ ಎರರ್ ಅನ್ನು, ಅಂದರೆ ಗುರಿಗೂ ಅಸಲಿ ವೇಗಕ್ಕೂ ಇರುವ ವ್ಯತ್ಯಾಸವನ್ನು, 0.0002ರಿಂದ (0.2 × 0.001 ಸೆಕೆಂಡ್) ಗುಣಿಸಿ ಮೊತ್ತಕ್ಕೆ ಸೇರಿಸಬೇಕು. ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿ ಎಲ್ಲವೂ ಸರಿ. ಚಿಪ್‌ನ 16 ಬಿಟ್ಟಿನಲ್ಲಿ ಭಿನ್ನಕ್ಕೆ 10 ಬಿಟ್ ಇಟ್ಟರೆ ಹಿಡಿಯುವ ಅತಿ ಚಿಕ್ಕ ಬೆಲೆ 1/1024. 0.0002 ಅಲ್ಲಿ ಸೊನ್ನೆ! ಆ ಮೊತ್ತ ಇಡುವ ಇಂಟಿಗ್ರೇಟರ್ ಅಲುಗುವುದೇ ಇಲ್ಲ. ಮೋಟರು ಗುರಿಯ ವೇಗಕ್ಕಿಂತ ತುಸು ಕೆಳಗೇ ನಿಂತುಬಿಡುತ್ತದೆ. 32 ಬಿಟ್ ತೆಗೆದುಕೊಂಡು ಭಿನ್ನಕ್ಕೆ 24 ಬಿಟ್ ಕೊಟ್ಟರೆ ಅದೇ ಸಂಖ್ಯೆ ಅಲ್ಲಿನ ಅತಿ ಚಿಕ್ಕ ಬೆಲೆಯ 3355 ಪಾಲಾಗಿ ಉಳಿಯುತ್ತದೆ. ಆದರೆ ಆಗ ಪೂರ್ಣಾಂಕಕ್ಕೆ ಚಿಹ್ನೆಯೂ ಸೇರಿ 8 ಬಿಟ್ಟಷ್ಟೇ ಉಳಿಯುವುದರಿಂದ ಮೊತ್ತ 128ರ ಆಚೆ ಹೋಗುವಂತಿಲ್ಲ, ಮಿತಿ ಹಾಕಲೇಬೇಕು.

ಈ ತಪ್ಪು ಸಿಗುವುದು ಎರಡನೇ ಹಂತದಲ್ಲಿ. ಮೊದಲು ಮಾಡೆಲನ್ನೇ ಯಂತ್ರದ ಮಾಡೆಲಿಗೆ ಜೋಡಿಸಿ ಓಡಿಸುತ್ತಾರೆ. ನಂತರ ಹುಟ್ಟಿದ ಕೋಡನ್ನು ಅದೇ ಇನ್‌ಪುಟ್ ಕೊಟ್ಟು ಓಡಿಸಿ ಎರಡರ ಔಟ್‌ಪುಟ್ ಹೋಲಿಸುತ್ತಾರೆ. ಆಮೇಲೆ ಅಸಲಿ ಚಿಪ್ಪಿನ ಮೇಲೆ: 1 ಮಿಲಿಸೆಕೆಂಡಿನ ಕೆಲಸಕ್ಕೆ 1.2 ಹಿಡಿದರೆ ಗೊತ್ತಾಗುವುದು ಇಲ್ಲೇ. ಕೊನೆಗೆ ಇಡೀ ಕಂಟ್ರೋಲರನ್ನು ಯಂತ್ರದಂತೆ ನಟಿಸುವ ರಿಯಲ್‌ಟೈಮ್ ಸಿಮ್ಯುಲೇಟರಿಗೆ ತಂತಿ ಕಟ್ಟಿ, ಸೆನ್ಸರ್ ತಂತಿ ಕಿತ್ತು ನೋಡುತ್ತಾರೆ.

2011ರಲ್ಲಿ ವಿಮಾನಗಳಿಗೆ ಡಿಒ-331, ಕಾರುಗಳಿಗೆ ಐಎಸ್ಒ 26262 ಎಂಬ ಮಾನದಂಡಗಳು ಬಂದವು; ಮಾಡೆಲ್ಲಿಗೂ ನಿಯಮದ ಚೌಕಟ್ಟು ಸಿಕ್ಕಿತು. ಆದರೂ ಗಡುವಿನ ಒತ್ತಡದಲ್ಲಿ, ಹುಟ್ಟಿದ ಸಿ ಫೈಲಿಗೇ ನೇರ ಕೈ ಹಾಕುವವರಿದ್ದಾರೆ. ಮಾಡೆಲ್ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಕೋಡ್ ಹುಟ್ಟಿಸಿದಾಗ ತಿದ್ದುಪಡಿ ಅಳಿಸಿಹೋಗಿ ಹಳೇ ದೋಷ ಮರಳಿ ಬರುತ್ತದೆ.