ಬ್ರೆಡ್ಡಿಗೂ ಒಗ್ಗರಣೆ ಬೇಕು

ಬೆಳ್ಳುಳ್ಳಿ ಹೆಚ್ಚಿದಷ್ಟೂ ಬೆಳ್ಳುಳ್ಳಿ ಬ್ರೆಡ್ಡಿಗೆ ರುಚಿ ಎಂದು ನಂಬಿ, ಹತ್ತು ಹಸಿ ಎಸಳು ಜಜ್ಜಿ ಮೈದಾಕ್ಕೆ ಕಲಸಿದ್ದೆ. ನಾದುವಾಗಲೇ ಹಿಟ್ಟು ಸಡಿಲಾಗಿ ಕೈಗೆ ಮೆತ್ತಿಕೊಳ್ಳತೊಡಗಿತು. ಒಂದೂವರೆ ಗಂಟೆ ಕಾದರೂ ಮುದ್ದೆ ಇಟ್ಟಷ್ಟೇ ಇತ್ತು. ಹಟಕ್ಕೆ ಬಿದ್ದು ಬೇಯಿಸಿದೆ. ಓವನ್ನಿಂದ ಘಮಘಮಿಸುವ ಇಟ್ಟಿಗೆಯೊಂದು ಹೊರಬಂತು. ಯೀಸ್ಟ್ ಹಳೆಯದಿರಬೇಕು ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಮರುದಿನ ಅದೇ ಪೊಟ್ಟಣದ ಯೀಸ್ಟ್ ಹಾಕಿ ಮಾಡಿದ ಸಾದಾ ಬ್ರೆಡ್ ಮಾತ್ರ ಟೋಪಿ ಹಾಕಿಕೊಂಡಂತೆ ಉಬ್ಬಿತು.

ಇಡಿಯಾಗಿರುವ ಬೆಳ್ಳುಳ್ಳಿ ಎಸಳು ಅಷ್ಟೇನೂ ನಾರುವುದಿಲ್ಲ. ಜಜ್ಜಿದಾಗ ಜೀವಕೋಶಗಳು ಒಡೆದು, ಅಲ್ಲಿಯವರೆಗೆ ಬೇರೆಬೇರೆ ಇದ್ದ ಅಲಿಯಿನ್ ಎಂಬ ವಸ್ತುವೂ ಅಲಿಯಿನೇಸ್ ಎಂಬ ಕಿಣ್ವವೂ ಸೇರಿ ಅಲಿಸಿನ್ ಹುಟ್ಟುತ್ತದೆ. ಆ ಘಾಟು ಗಿಡದ ಆಯುಧ: ಕಚ್ಚಲು ಬಂದ ಹುಳು, ತಗಲಿಕೊಂಡ ಶಿಲೀಂಧ್ರ ಎಲ್ಲಕ್ಕೂ ಏಟು. ಯೀಸ್ಟ್ ಕೂಡ ಶಿಲೀಂಧ್ರವೇ ತಾನೆ! ಸಾಲದ್ದಕ್ಕೆ ಅಲಿಸಿನ್ನಿಗೆ ಗಂಧಕವಿರುವ ಗುಂಪುಗಳೊಂದಿಗೆ ಬೆರೆಯುವ ಚಾಳಿ. ಹೋಳಿಗೆಯ ಕಣಕವನ್ನು ರಬ್ಬರಿನಂತೆ ಎಳೆಯಲು ಬರುವುದು ಗೋಧಿಯ ಗ್ಲೂಟೆನ್ ಎಂಬ ಪ್ರೋಟೀನಿನಿಂದ. ಆ ಗ್ಲೂಟೆನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಗಂಟುಗಳಲ್ಲಿ ಮುಖ್ಯವಾದವು ಗಂಧಕದವು. ಹಸಿ ಬೆಳ್ಳುಳ್ಳಿ ಆ ಗಂಟುಗಳನ್ನೂ ಸಡಿಲಿಸುತ್ತದೆ. ಅಂದರೆ ಗಾಳಿ ಊದುವವನಿಗೂ ಸುಸ್ತು, ಬಲೂನಿಗೂ ತೂತು.

ಪರಿಹಾರ ಸುಲಭ. ಎಸಳನ್ನು ಜಜ್ಜದೆ ಇಡಿಯಾಗಿ ಎಣ್ಣೆಯಲ್ಲಿ ಮೆತ್ತಗಾಗುವಷ್ಟು ಹುರಿದರೆ, ಕಿಣ್ವ ತನ್ನ ಕೆಲಸ ಶುರುಮಾಡುವ ಮೊದಲೇ ಶಾಖಕ್ಕೆ ಕೆಡುತ್ತದೆ. ಆಮೇಲೆ ಎಷ್ಟು ಮಸೆದು ಹಾಕಿದರೂ ಹಿಟ್ಟು ಸುಮ್ಮನಿರುತ್ತದೆ.

ಹಸಿ ಶುಂಠಿಯದು ಇನ್ನೊಂದು ಬಗೆಯ ಕಿತಾಪತಿ. ಅದರಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವವಿದೆ. ಬೆಚ್ಚಗಿನ ಹಾಲಿಗೆ ಹಸಿ ಶುಂಠಿರಸ ಬೆರೆಸಿದರೆ ಹಾಲು ಗಿಣ್ಣಿನಂತೆ ಗಟ್ಟಿಯಾಗುವುದು ಇದರಿಂದಲೇ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಅದೊಂದು ಸಿಹಿತಿಂಡಿ. ಹಿಟ್ಟಿಗೆ ಬಿದ್ದರೆ ಇದೇ ಕಿಣ್ವ ಗ್ಲೂಟೆನ್ನನ್ನು ಕತ್ತರಿಸುತ್ತದೆ. ಅನಾನಸ್, ಪಪ್ಪಾಯಿಯ ಹಸಿ ರಸಕ್ಕೂ ಇದೇ ಗುಣ. ಶುಂಠಿಯನ್ನೂ ಮೊದಲು ಬಾಡಿಸಿಕೊಳ್ಳಬೇಕು. ಚಕ್ಕೆಗೆ ಮಾತ್ರ ಈ ಉಪಾಯ ನಡೆಯದು. ಅದರ ಪರಿಮಳದ ಜೀವಾಳವಾದ ಸಿನಮಾಲ್ಡಿಹೈಡೇ ಯೀಸ್ಟಿನ ವೈರಿ. ಹಾಗಾಗಿ ಚಕ್ಕೆಪುಡಿಯನ್ನು ಹಿಟ್ಟಿಗೆ ಕಲಸುವ ಬದಲು, ಉಬ್ಬಿದ ಹಿಟ್ಟನ್ನು ಲಟ್ಟಿಸಿ, ಬೆಣ್ಣೆ ಸವರಿ, ಮೇಲೆ ಉದುರಿಸಿ ಚಾಪೆಯಂತೆ ಸುತ್ತುವುದು ಜಾಣತನ.

ಇಷ್ಟಾದ ಮೇಲೆ ಹೊಳೆದ ಸಂಗತಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಓವನ್ನನ್ನು 200 ಡಿಗ್ರಿಗೆ ಇಟ್ಟರೂ ಬ್ರೆಡ್ಡಿನ ಒಳಭಾಗ 100 ಡಿಗ್ರಿ ದಾಟುವುದಿಲ್ಲ, ನೀರಿನಂಶ ಬಿಡುವುದಿಲ್ಲ. ಒಳಗಿನ ತಿರುಳು ಬೇಯುವುದು ಇಡ್ಲಿ ಬೆಂದ ಹಾಗೆ, ಹಬೆಯಲ್ಲಿ. ಕಂದುಬಣ್ಣ, ಸುಟ್ಟ ಘಮ ಎಲ್ಲ ಹೊರಗಿನ ಸಿಪ್ಪೆಯ ಪಾಲು. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ವಿವರಿಸಿದ, ಸಕ್ಕರೆ ಮತ್ತು ಅಮೈನೋ ಆಮ್ಲಗಳ ಕ್ರಿಯೆ ಅಲ್ಲಿ ಚುರುಕಾಗಿ ನಡೆಯುತ್ತದೆ. ಅದರಲ್ಲಿ ಹುಟ್ಟುವ ಪರಿಮಳದ ಒಂದು ಅಣು ಬಾಸ್ಮತಿ ಅಕ್ಕಿಯ ಘಮದಲ್ಲೂ ಇದೆ. ಇರಲಿ, ಅದು ಬೇರೆ ಕಥೆ.

ಹಬೆಯಲ್ಲಿ ಬೇಯುವುದಾದರೆ ಹಿಟ್ಟಿನೊಳಗೆ ಹಸಿಯಾಗಿ ಹಾಕಿದ ಜೀರಿಗೆ, ಸಾಸಿವೆ ಹುರಿದುಕೊಳ್ಳುವ ಮಾತೇ ಇಲ್ಲ. ಮಸಾಲೆಗಳ ಪರಿಮಳದ ಅಂಶಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ನಮ್ಮ ಒಗ್ಗರಣೆ ಇವೆರಡನ್ನೂ ಒಟ್ಟಿಗೇ ಮುಗಿಸಿಕೊಡುತ್ತದೆ: ಕಾಳು ಸಿಡಿಯುತ್ತದೆ, ಪರಿಮಳ ಎಣ್ಣೆಗಿಳಿಯುತ್ತದೆ, ಎಣ್ಣೆ ಬ್ರೆಡ್ಡಿನ ತುಂಬ ಹರಡುತ್ತದೆ. ಈಗ ಅರ್ಧ ಕೆಜಿ ಮೈದಾಕ್ಕೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಇಂಗು ಹಾಕಿ, ಪೂರ್ತಿ ಆರಿಸಿ ಸುರಿಯುತ್ತೇನೆ. ಬಿಸಿಯಿರುವಾಗ ಸುರಿದರೆ ಯೀಸ್ಟ್ ಸಾಯುತ್ತದೆ. ಅದಕ್ಕೆ 60 ಡಿಗ್ರಿಯೇ ಹೆಚ್ಚು. ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ನಾದಿದ ಮೇಲೆಯೇ ಎಣ್ಣೆ ಬೀಳಬೇಕು. ಮೊದಲೇ ಬಿದ್ದರೆ ಅದು ಹಿಟ್ಟಿಗೆ ಪದರ ಕಟ್ಟಿ ಗ್ಲೂಟೆನ್ ಎಳೆ ಬೆಳೆಯಲು ಬಿಡುವುದಿಲ್ಲ.

ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ನೆನಪಿಗೆ ಸಬ್ಬಸಿಗೆ, ಹಸಿಮೆಣಸು, ಈರುಳ್ಳಿಯೂ ಬೇಕು. ಸೊಪ್ಪು ಹಬೆಯಲ್ಲಿ ಬೆಂದರೆ ಚೆಂದವೇ, ಹಾಗೇ ಹಾಕಬಹುದು. ಈರುಳ್ಳಿ ಮಾತ್ರ ಉಪ್ಪು ತಗುಲಿದೊಡನೆ ನೀರು ಬಿಟ್ಟು ಹಿಟ್ಟನ್ನು ಜೋಲಾಗಿಸುತ್ತದೆ. ಅದನ್ನು ಬಾಡಿಸಿಕೊಳ್ಳಿ, ಇಲ್ಲವೇ ಮೇಲೆ ಅಂಟಿಸಿ. ಅಲ್ಲಿ ಸೀದು ಕಪ್ಪಾದ ಅಂಚಿಗೆ ಮನೆಯಲ್ಲಿ ಜಗಳವಾಗುತ್ತದೆ.

ಸಿಹಿಯ ಪ್ರಯೋಗ ಈಗಷ್ಟೇ ಶುರುವಾಗಿದೆ. ಹಿಟ್ಟಿನ ತೂಕದ ನೂರಕ್ಕೆ ಐದು ಪಾಲಿನಷ್ಟು ಸಕ್ಕರೆ ಯೀಸ್ಟಿಗೆ ತಿಂಡಿ. ಹತ್ತು ದಾಟಿದರೆ, ಉಪ್ಪಿನಕಾಯಿಯ ಹೋಳು ಉಪ್ಪಿಗೆ ನೀರು ಬಿಟ್ಟುಕೊಡುವಂತೆ ಯೀಸ್ಟಿನ ಕೋಶವೂ ನೀರು ಕಳೆದುಕೊಂಡು ಸೊರಗುತ್ತದೆ. ನಾನು ಬೆಲ್ಲ ಹಾಕಿದ್ದು ನೂರಕ್ಕೆ ಹದಿನೈದು, ಜೊತೆಗೆ ಏಲಕ್ಕಿ. ಇದನ್ನು ಬರೆಯುವಾಗ ಆ ಮುದ್ದೆ ಒದ್ದೆ ಬಟ್ಟೆ ಹೊದ್ದು ಒಲೆಯ ಪಕ್ಕ ಕೂತಿದೆ. ಎರಡು ಗಂಟೆಯಾಯಿತು, ಇನ್ನೂ ಪಾತ್ರೆಯ ಅರ್ಧಕ್ಕೂ ಬಂದಿಲ್ಲ.