‘ಮೊದಲ ಶತಮಾನದ ಮಾರ್ಕ’: ಪಪೈರಸ್ ಚೂರಿನ ದೊಡ್ಡ ರಾದ್ಧಾಂತ

ಮಾರ್ಕನ ಸುವಾರ್ತೆಯ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕಗಳಲ್ಲಿ ಒಂದು) ಮೊದಲ ಶತಮಾನದ ಪ್ರತಿ ಸಿಕ್ಕಿದೆ ಅನ್ನೋ ಸುದ್ದಿ ಈಗಲೂ ಆಗಾಗ ಸುತ್ತಾಡುತ್ತದೆ. ಅಂಥದ್ದೇನೂ ಸಿಕ್ಕಿಲ್ಲ. ಸಿಕ್ಕಿದ್ದು ಏನು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1896-97ರ ಚಳಿಗಾಲದಲ್ಲಿ ಇಂಗ್ಲೆಂಡಿನ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೇ ತಿಪ್ಪೆಗಳನ್ನು ಅಗೆಯತೊಡಗಿದರು. 1907ರ ಹೊತ್ತಿಗೆ ಪಪೈರಸ್‌ನ, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಗದದ, ಲಕ್ಷಗಟ್ಟಲೆ ಚೂರುಗಳು ಆಕ್ಸ್‌ಫರ್ಡ್ ಸೇರಿದವು. ತೆರಿಗೆ ರಸೀದಿ, ಮನೆಯವರ ಪತ್ರ, ನಡುವೆ ಗ್ರೀಕ್ ಸುವಾರ್ತೆಯ ಹಾಳೆಗಳು. ಓದಿ ಅಚ್ಚು ಹಾಕುವ ಕೆಲಸ ಇನ್ನೂ ಮುಗಿದಿಲ್ಲ. 1930ರ ದಶಕದಲ್ಲಿ ಇಂಥದ್ದೇ ಪಪೈರಸ್‌ಗಳ ಚೆಸ್ಟರ್ ಬೀಟಿ ಸಂಗ್ರಹ, 50ರ ದಶಕದಲ್ಲಿ ಬೋಡ್ಮರ್ ಸಂಗ್ರಹ ಬೆಳಕಿಗೆ ಬಂದವು. 1935ರಲ್ಲಿ ಮ್ಯಾಂಚೆಸ್ಟರಿನ ರೈಲಂಡ್ಸ್ ಗ್ರಂಥಾಲಯದ ಯೋಹಾನನ ಸುವಾರ್ತೆಯ ಚೂರೊಂದನ್ನು ಎರಡನೇ ಶತಮಾನದ ಮೊದಲರ್ಧದ್ದು ಎಂದರು. ಎಲ್ಲಕ್ಕಿಂತ ಹಳೆಯದು ಯಾವುದು ಅನ್ನೋ ಪೈಪೋಟಿ ಜೋರಾಯಿತು.

ಆದರೆ ಈ ಚೂರುಗಳ ಮೇಲೆ ತಾರೀಖು ಇರುವುದಿಲ್ಲ. ತಾರೀಖಿರುವ ಕರಾರುಪತ್ರ, ರಸೀದಿಗಳ ಅಕ್ಷರದ ಜೊತೆ ಹೋಲಿಸಿ ಕಾಲ ಅಂದಾಜು ಮಾಡಬೇಕು. ಒಬ್ಬ ಲಿಪಿಕಾರ ಕಲಿತ ಕೈಬರಹವನ್ನು ಸಾಯೋವರೆಗೂ ಬಿಡುವುದಿಲ್ಲ ಅಲ್ವಾ? ಹಾಗಾಗಿ ಐವತ್ತು, ನೂರು ವರ್ಷ ಆಚೀಚೆ ಆಗುವುದು ಮಾಮೂಲು. ರೈಲಂಡ್ಸ್ ಚೂರು ಮೂರನೇ ಶತಮಾನದ ಆರಂಭದ್ದೂ ಆಗಿರಬಹುದು ಎಂದು 2005ರಲ್ಲಿ ವಿದ್ವಾಂಸ ಬ್ರೆಂಟ್ ನೋಂಗ್ಬ್ರಿ ಬರೆದರು. ಅಂದಾಜಿನ ಈಚಿನ ತುದಿಯನ್ನು ಬಿಟ್ಟು ಹಳೆಯ ತುದಿಯನ್ನಷ್ಟೇ ಹಿಡಿದುಕೊಂಡರೆ ಸುದ್ದಿ ಚೆನ್ನಾಗಿರುತ್ತದೆ, ಅಷ್ಟೇ.

2012ರಲ್ಲಿ ಆಗಿದ್ದೂ ಅದೇ. ಅಮೆರಿಕದ ಒಂದು ಸಾರ್ವಜನಿಕ ಚರ್ಚೆಯಲ್ಲಿ ಮೊದಲ ಶತಮಾನದ ಮಾರ್ಕನ ಸುವಾರ್ತೆಯ ಚೂರೊಂದರ ಮಾತು ಬಂತು. ಚೂರನ್ನು ಯಾರೂ ತೋರಿಸಲಿಲ್ಲ. ಎಲ್ಲಿದೆ, ಯಾರದ್ದು ಅಂತ ಹೇಳಲಿಲ್ಲ. ಭಾಷಣಗಳಲ್ಲಿ ಮಾತ್ರ ಅದು ಓಡಾಡುತ್ತಲೇ ಇತ್ತು. ಆಕ್ಸಿರಿಂಕಸ್ ಚೂರುಗಳನ್ನು ಅಚ್ಚು ಹಾಕುವ ಸಂಪುಟಗಳ 83ನೆಯದರಲ್ಲಿ, 2018ರಲ್ಲಿ, ಆ ಚೂರು ಕೊನೆಗೂ ಪ್ರಕಟವಾಯಿತು. ಮಾರ್ಕನ ಮೊದಲ ಅಧ್ಯಾಯದ 7ರಿಂದ 9 ಮತ್ತು 16ರಿಂದ 18ನೇ ವಚನಗಳ ಕೆಲವೇ ಅಕ್ಷರಗಳು, ಹಾಳೆಯ ಎರಡೂ ಬದಿಗೆ. ಕಾಲ: ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಮಾರ್ಕನ ಚೂರೂ ಸೇರಿದ್ದ 2013ರ ಮಾರಾಟದ ಕರಾರೊಂದು 2019ರಲ್ಲಿ ಹೊರಬಿತ್ತು. ಅದೇ ವರ್ಷ, ಈ ಸಂಗ್ರಹದ ಒಡೆತನವಿರುವ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿಯ 13 ಚೂರುಗಳು ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಸಂಗ್ರಹದಲ್ಲಿ ಪತ್ತೆಯಾದವು. ಅವನ್ನು ಹಿಂತಿರುಗಿಸಲು ಮ್ಯೂಸಿಯಂ ಒಪ್ಪಿತು. ಮಾರ್ಕನ ಚೂರು ಮಾತ್ರ ಆಕ್ಸ್‌ಫರ್ಡ್ ಬಿಟ್ಟು ಕದಲಿರಲಿಲ್ಲ. ಹೊಸ ಒಡಂಬಡಿಕೆಯ ಪಪೈರಸ್ ಪಟ್ಟಿಯಲ್ಲಿ ಈಗ ಅದರ ನಂಬರು 137. ಮಾರ್ಕನ ಸುವಾರ್ತೆಗೆ ಸಿಕ್ಕಿರುವ ಅತಿ ಹಳೆಯ ಪ್ರತಿ ಬಹುಶಃ ಇದೇ.