ಹೆಬ್ಬೆರಳಿನಿಂದ ಒತ್ತಡ ಹುಟ್ಟುವುದಿಲ್ಲ

"ಒಂದಿಂಚಿನ ಪೈಪ್ ಯಾಕೆ ಸರ್? ಅರ್ಧ ಇಂಚಿಗೆ ಇಳಿಸಿ, ಫೋರ್ಸ್ ತಾನಾಗೇ ಬರುತ್ತೆ." ಮನೆ ಮುಂದಿನ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಕೂರಿಸುವಾಗ ಪ್ಲಂಬರ್ ಹೇಳಿದ ಮಾತು. ನಾನೂ ತಲೆಯಾಡಿಸಿದೆ. ಸ್ಪ್ರಿಂಕ್ಲರ್ ತಿರುಗಲೇ ಇಲ್ಲ. ನೀರು ಅಲ್ಲೇ ಜಿನುಗಿ ಬುಡ ಕೆಸರಾಯಿತು, ನಾಲ್ಕಡಿ ಆಚೆಗಿನ ಹುಲ್ಲು ಒಣಗಿ ಹಳದಿಯಾಯಿತು. ಆಮೇಲೆ ನಾನೇ ಹ್ಯಾಕ್ಸಾ ಬ್ಲೇಡು, ಸಾಲ್ವೆಂಟು, ಟೆಫ್ಲಾನ್ ಟೇಪು ಹಿಡಿದು ಕೂತೆ. ಕತ್ತರಿಸಿ ಅಂಟಿಸುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಲಿಯಬೇಕಾದದ್ದು ನೀರಿನ ಲೆಕ್ಕ.

ಪಂಪಿಲ್ಲದ ಮನೆಯಲ್ಲಿ ಒತ್ತಡಕ್ಕೆ ಇರುವ ಮೂಲ ಒಂದೇ: ಎತ್ತರ. ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ; 10 ಮೀಟರ್ ನೀರಿನ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್. ಟ್ಯಾಂಕು 500 ಲೀಟರಿನದೋ 5,000 ಲೀಟರಿನದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಟ್ಯಾಂಕಿನ ನೀರು ಹುಲ್ಲಿನಿಂದ 7 ಮೀಟರ್ ಮೇಲಿದೆ, ಅಂದರೆ 0.7 ಬಾರ್. ನಾನು ತಂದ ಸ್ಪ್ರಿಂಕ್ಲರಿಗೆ ಬೇಕಾದದ್ದು 2 ಬಾರ್. ಅದು ತಿರುಗಬೇಕಿದ್ದರೆ ಟ್ಯಾಂಕು ಆರನೇ ಮಹಡಿಯ ಮೇಲಿರಬೇಕಿತ್ತು.

ಹಾಗಾದರೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುತ್ತದಲ್ಲ, ಅದೇನು? ಪ್ಲಂಬರನ ನಂಬಿಕೆಯೂ ಇಲ್ಲಿಂದಲೇ ಹುಟ್ಟಿದ್ದು. ಬೆರಳು ಒತ್ತಡವನ್ನು ಹೆಚ್ಚಿಸಿತು ಎಂದೇ ಎಲ್ಲರೂ ತಿಳಿದಿದ್ದಾರೆ. ಬೆರಳು ಮಾಡಿದ್ದು ದಾರಿಯಲ್ಲಿ ಪೋಲಾಗುತ್ತಿದ್ದ ಒತ್ತಡವನ್ನು ಉಳಿಸುವ ಕೆಲಸ.

20 ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನ ತುದಿಯಲ್ಲಿ 10 ಲೀಟರ್ ಬಕೆಟ್ ಇಟ್ಟು ನೋಡಿದೆ. ತುಂಬಲು 50 ಸೆಕೆಂಡ್. ಅಂದರೆ ನಿಮಿಷಕ್ಕೆ 12 ಲೀಟರ್, ವೇಗ ಸೆಕೆಂಡಿಗೆ ಸುಮಾರು 1.6 ಮೀಟರ್. ಪೈಪನ್ನು ಮೇಲ್ಮುಖವಾಗಿ ಹಿಡಿದರೆ ಆ ವೇಗಕ್ಕೆ ನೀರು ಒಂದು ಗೇಣೂ ಏಳುವುದಿಲ್ಲ. ಏಳು ಮೀಟರಿನಿಂದ ಇಳಿದ ನೀರು ಒಂದು ಗೇಣೂ ಏರದಿದ್ದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು? ಪೈಪಿನ ಗೋಡೆಗೆ ಉಜ್ಜಿ ಖರ್ಚಾಯಿತು.

ಈ 7 ಮೀಟರ್ ಎತ್ತರವನ್ನು ಜಾತ್ರೆಗೆ ಹೊರಟ ಹುಡುಗನ ಜೇಬಿನ ಹಣ ಎಂದುಕೊಳ್ಳಿ. ಎಷ್ಟು ಅವಸರವೋ ದಾರಿಖರ್ಚು ಅಷ್ಟು. ಅದೂ ವರ್ಗದ ಲೆಕ್ಕದಲ್ಲಿ: ವೇಗ ಎರಡು ಪಟ್ಟಾದರೆ ಖರ್ಚು ಸುಮಾರು ನಾಲ್ಕು ಪಟ್ಟು. ಬೆರಳು ಬಾಯಿ ಕಿರಿದು ಮಾಡಿದೊಡನೆ ಪೈಪಿನೊಳಗೆ ಹರಿವು ಇಳಿಯುತ್ತದೆ, ನೀರು ನಿಧಾನಕ್ಕೆ ಬರುತ್ತದೆ, ಜೇಬು ತುಂಬಿದಂತೆಯೇ ತುದಿಗೆ ತಲುಪುತ್ತದೆ. ಇನ್ನೊಂದು ರೀತಿ ಹೇಳುತ್ತೇನೆ. ದೇವಸ್ಥಾನದ ಓಣಿಯಲ್ಲಿ ಜನ ಒಬ್ಬರನ್ನೊಬ್ಬರು ತಳ್ಳುತ್ತ ನುಗ್ಗಿದರೆ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಬಾಗಿಲಲ್ಲಿ ಒಬ್ಬೊಬ್ಬರನ್ನೇ ಬಿಟ್ಟರೆ ಓಣಿಯಲ್ಲಿ ನೂಕುನುಗ್ಗಲಿಲ್ಲ. ಒಳಹೋಗುವವನ ಕಾಲಲ್ಲಿ ಶಕ್ತಿ ಉಳಿದಿರುತ್ತದೆ.

ಬೆರಳು ಉಳಿಸಿಕೊಡುವುದಕ್ಕೂ ಮಿತಿಯಿದೆ. ಗೆಲಿಲಿಯೋನ ಶಿಷ್ಯ ತೊರಿಚೆಲ್ಲಿ 1644ರಲ್ಲೇ ಅದನ್ನು ಪ್ರಕಟಿಸಿದ್ದ: ತೂತಿನಿಂದ ಚಿಮ್ಮುವ ನೀರಿಗೆ, ನೀರಿನ ಮಟ್ಟದಿಂದ ಅಲ್ಲಿಗೆ ಬಿದ್ದ ಕಲ್ಲಿಗೆ ಎಷ್ಟು ವೇಗವೋ ಅಷ್ಟೇ ವೇಗ. ನಮ್ಮ 7 ಮೀಟರಿಗೆ ಅದು ಸೆಕೆಂಡಿಗೆ 11.7 ಮೀಟರ್. ಎಷ್ಟೇ ಗಟ್ಟಿಯಾಗಿ ಒತ್ತಿದರೂ ಧಾರೆ ಟ್ಯಾಂಕಿನ ನೀರಿನ ಮಟ್ಟವನ್ನು ದಾಟಲಾರದು.

ಉಜ್ಜಾಟದ ಖರ್ಚನ್ನು ಅಳೆದು ಬರೆದಿಟ್ಟವರಲ್ಲಿ ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿ ಮುಖ್ಯ. ತನ್ನ ಊರು ದಿಜೋನ್‌ಗೆ ಹನ್ನೆರಡು ಕಿಲೋಮೀಟರಿಗೂ ಆಚೆಯ ಚಿಲುಮೆಯಿಂದ ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ 1840ರಲ್ಲಿ ನೀರು ತಂದವನು. ನಮ್ಮ ಮಲೆನಾಡಿನವರಿಗೆ ಇದು ಹೊಸದೇನಲ್ಲ. ಅಬ್ಬಿಯ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಹಿತ್ತಿಲ ಹಂಡೆಗೆ ಬೀಳುವುದನ್ನು ನೋಡುತ್ತಲೇ ಬೆಳೆದವರು. ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ಕೃಷಿಕ ಅಮೈ ಮಹಾಲಿಂಗ ನಾಯ್ಕರು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಸಿಕ್ಕ ನೀರನ್ನು ಗುರುತ್ವದಿಂದಲೇ ತೋಟಕ್ಕೆ ಹಾಯಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎತ್ತರವನ್ನು ದಾರಿಯಲ್ಲಿ ಕಳೆಯದೆ ಗಿಡದ ಬುಡಕ್ಕೆ ಮುಟ್ಟಿಸುವ ಆ ಜಾಣ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ಅರ್ಧ ಇಂಚಿನ ಸಲಹೆಗೆ ಬರೋಣ. ಅಡ್ಡಳತೆ ಅರ್ಧವಾದರೆ ಜಾಗ ಕಾಲುಭಾಗ, ಅಷ್ಟೇ ನೀರು ಹೋಗಲು ವೇಗ ನಾಲ್ಕು ಪಟ್ಟು, ಖರ್ಚು ಹದಿನಾರು ಪಟ್ಟು. ಗೋಡೆ ಹತ್ತಿರ ಬಂದದ್ದಕ್ಕೆ ಅದು ಮತ್ತೆ ದುಪ್ಪಟ್ಟು. ಒಟ್ಟು 32 ಪಟ್ಟು! ಬೆರಳು ಕಿರಿದು ಮಾಡುವುದು ತುದಿಯನ್ನು. ಪ್ಲಂಬರ್ ಕಿರಿದು ಮಾಡಿಸಿದ್ದು ಇಡೀ ದಾರಿಯನ್ನು.

ಸ್ಪ್ರಿಂಕ್ಲರ್ ಕಿತ್ತೆ, ಬದಲಿಗೆ ಹನಿ ನೀರಾವರಿ ಮಾಡಿದೆ. ಟ್ಯಾಂಕಿನ ಕೆಳಗಿನಿಂದಲೇ ಒಂದಿಂಚಿನ ಪೈಪ್ ಇಳಿಸಿ ಹುಲ್ಲಿನ ಸುತ್ತ ಉಂಗುರದಂತೆ ಜೋಡಿಸಿದೆ. ಉಂಗುರವಾದರೆ ನೀರು ಎರಡೂ ಕಡೆಯಿಂದ ಬರುತ್ತದೆ, ಅರ್ಧರ್ಧ ಹರಿವು, ಖರ್ಚು ಇನ್ನೂ ಕಡಿಮೆ. ಟ್ಯಾಂಕಿನ ತಳದ ಹೂಳು ಡ್ರಿಪ್ಪರಿಗೆ, ಅಂದರೆ ನೀರು ಹನಿಸುವ ಸಣ್ಣ ಬಾಯಿಗೆ, ಸಿಕ್ಕಿಕೊಳ್ಳದಂತೆ ಮೊದಲಿಗೇ ಒಂದು ಜಾಲರಿ ಫಿಲ್ಟರ್. ಉಂಗುರದಿಂದ 16 ಮಿಲಿಮೀಟರಿನ ಡ್ರಿಪ್ ಸಾಲುಗಳು ಒಂದಡಿಗೊಂದರಂತೆ ಹುಲ್ಲಿನ ಕೆಳಗೆ ಹೋಗಿವೆ, ಒಟ್ಟು 300 ಡ್ರಿಪ್ಪರ್. ಡಬ್ಬದ ಮೇಲೆ ಗಂಟೆಗೆ 2 ಲೀಟರ್ ಎಂದಿತ್ತು. ಅದು 1 ಬಾರಿನ ಮಾತು. ನಮ್ಮ 0.7 ಬಾರಿಗೆ ವರ್ಗಮೂಲದ ಲೆಕ್ಕದಲ್ಲಿ 1.67 ಲೀಟರ್ ಬರಬೇಕು. ಹುಲ್ಲುಹಾಸು 27 ಚದರ ಮೀಟರ್. ಬೇಸಿಗೆಯ ದಿನಕ್ಕೆ 5 ಮಿಲಿಮೀಟರ್ ಎಂದರೆ 135 ಲೀಟರ್, ಹದಿನಾರು ನಿಮಿಷ ವಾಲ್ವ್ ತೆರೆದರೆ ಸಾಕು.

ಮಣ್ಣು ಮುಚ್ಚುವ ಮೊದಲು ಮೊದಲ ಡ್ರಿಪ್ಪರಿನ ಕೆಳಗೊಂದು, ಕೊನೆಯದರ ಕೆಳಗೊಂದು ಸ್ಟೀಲ್ ಲೋಟ ಇಟ್ಟು ಹತ್ತು ನಿಮಿಷ ಕಾದೆ. ಅಡುಗೆಮನೆಯ ಅಳತೆ ಪಾತ್ರೆಗೆ ಸುರಿದಾಗ ಮೊದಲನೆಯದು 270 ಮಿಲಿಲೀಟರ್, ಕೊನೆಯದು 255.